ಕಳಕಮ್ಮ ಇಟ್ಟ ಮೇಲ್ಗಲ್ಲು

ರೇಶನ್ ಅಂಗಡಿಯ ಯಂತ್ರ ಕಳಕಮ್ಮನ ಹೆಬ್ಬೆರಳನ್ನು ಒಪ್ಪಲಿಲ್ಲ. ಬಲಗೈ ಇಡು ಎಂದರು, ಇಟ್ಟಳು. ಎಡಗೈ ಇಡು ಎಂದರು, ಅದನ್ನೂ ಇಟ್ಟಳು. ಸೆರಗಿಗೆ ಒರೆಸಿ ಇಡು, ತಲೆಯ ಎಣ್ಣೆ ಮುಟ್ಟಿಸಿ ಇಡು ಎಂದು ಸರದಿಯಲ್ಲಿ ನಿಂತವರು ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಯಂತ್ರ ಪ್ರತಿ ಸಲವೂ ಕೆಂಪು ದೀಪವನ್ನೇ ತೋರಿಸಿತು.

"ಏನಬೇ ಮುದುಕಿ, ಎಲ್ಲಿ ಕಳುವು ಮಾಡಿ ಬಂದೀ? ಹೆಬ್ಬಟ್ಟಿನ ಗೆರಿನಾ ಅಳಿಸಿಕೊಂಡೀಯಲ್ಲ!" ಎಂದ ಅಂಗಡಿಯವನು. ಸರದಿ ನಕ್ಕಿತು.

ಹಿಂದೆ ಚೀಲ ಹಿಡಿದು ನಿಂತಿದ್ದ ಸೊಸೆ ಶೈಲಶ್ರೀ ಎಲ್ಲರಿಗಿಂತ ಜೋರಾಗಿ ನಕ್ಕಳು. "ಗೆರಿ ಅಷ್ಟಾ ಅಲ್ರಿ, ನಾಚಿಗಿನೂ ಅಳಿಸಿಕೊಂಡಾಳ. ಉಣ್ಣಾಕ ಕುಂತಾಗ ನೋಡ್ರಿ, ಐದೂ ಬಟ್ಟು ನೆಟ್ಟಗ ಕೆಲಸ ಮಾಡತಾವು."

ಕಳಕಮ್ಮನ ಕಣ್ಣು ಮುಂದಿನ ಸರದಿಯ ಮೇಲಿತ್ತು. ಅಲ್ಲಿ ಜುಬೇದಾಬೀ ಬಂದು ನಿಂತಿದ್ದಳು. ಇವಳಷ್ಟೇ ವಯಸ್ಸು, ಎಪ್ಪತ್ತನಾಲ್ಕು. ಇವಳು ಮಾಡಿದ ಕೆಲಸವನ್ನೇ, ಇವಳು ಮಾಡಿದಷ್ಟೇ ವರ್ಷ ಮಾಡಿದವಳು. ಕಣ್ಣಿಗೆ ಪೊರೆ ಬಂದು ಯಂತ್ರ ಎಲ್ಲಿದೆ ಎಂಬುದೂ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅಂಗಡಿಯವನೇ ಅವಳ ಹೆಬ್ಬೆರಳು ಹಿಡಿದು ಯಂತ್ರಕ್ಕೆ ಒತ್ತಿದ. ಹಸಿರು ದೀಪ ಹತ್ತಿತು. ಒಂದೇ ಸಲಕ್ಕೆ.

ಆ ಹಸಿರು ದೀಪ ಕಳಕಮ್ಮನ ಹೊಟ್ಟೆಯೊಳಗೆ ಉರಿಯಿತು. ಯಾಕೆ ಉರಿಯಿತು ಎಂದು ತಿಳಿಯಬೇಕಾದರೆ ಐವತ್ತೆಂಟು ವರ್ಷ ಹಿಂದಕ್ಕೆ ಹೋಗಬೇಕು.

ಕೊಪ್ಪಳದ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ಆಗ ಒಂದು ಕಲ್ಲಚ್ಚಿನ ಪ್ರೆಸ್ ಇತ್ತು. ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುವುದಲ್ಲ, ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವುದು. ಜರ್ಮನಿಯ ಕಲ್ಲು, ಬೆಣ್ಣೆಯ ಬಣ್ಣದ್ದು, ಹೈದರಾಬಾದಿನಿಂದ ನಿಜಾಮನ ಕಾಲದಲ್ಲೇ ಬಂದಿತ್ತು. ಅದರ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯಬೇಕು. ಕಲ್ಲಿಗೆ ನೀರು ಒರೆಸಿ ಮಸಿ ಉರುಳಿಸಿದರೆ, ಬರೆದಲ್ಲಿ ಮಾತ್ರ ಮಸಿ ಹಿಡಿಯುತ್ತದೆ, ಉಳಿದಲ್ಲಿ ನೀರು ಬೇಡವೆನ್ನುತ್ತದೆ. ಕಾಗದ ಇಟ್ಟು ಒತ್ತಿದರೆ ಅಕ್ಷರ ನೇರವಾಗಿ ಮೂಡುತ್ತದೆ. ಗಂಗಾವತಿಯ ಅಕ್ಕಿ ಗಿರಣಿಗಳ ಗಿಳಿ ಮಾರ್ಕಿನ ಚೀಟಿ, ಯಲಬುರ್ಗಾದ ನಾಟಕದವರ ಹ್ಯಾಂಡಬಿಲ್, ಕುಷ್ಟಗಿಯ ಜವಳಿ ಅಂಗಡಿಯ ಕ್ಯಾಲೆಂಡರ್, ಹುಲಿಗಿಯಲ್ಲಿ ಮಾರುವ ಹುಲಿಗೆಮ್ಮನ ಪಟ, ಎಲ್ಲ ಅಲ್ಲಿಂದಲೇ ಹೋಗುತ್ತಿದ್ದವು.

ಒಂದು ಕೆಲಸ ಮುಗಿದ ಮೇಲೆ ಆ ಕಲ್ಲನ್ನು ತಿಕ್ಕಿ ಹಳೆಯ ಬರಹ ಅಳಿಸಬೇಕು. ಆಗಲೇ ಇನ್ನೊಂದು ಕೆಲಸಕ್ಕೆ ಅದು ಬರುವುದು. ಈ ತಿಕ್ಕುವ ಕೆಲಸ ಹೆಣ್ಣಾಳುಗಳದು. ಕೆಳಗೆ ಒಂದು ಕಲ್ಲು, ಅದರ ಮುಖಕ್ಕೆ ಮುಖ ಕೊಟ್ಟು ಮೇಲೊಂದು ಕಲ್ಲು. ನಡುವೆ ಹೊಳೆಯ ಉಸುಕು, ನೀರು. ಮೇಲ್ಗಲ್ಲನ್ನು ಎರಡೂ ಅಂಗೈಯಿಂದ ಒತ್ತಿ, ಬೀಸುವ ಕಲ್ಲು ತಿರುಗಿಸಿದ ಹಾಗೆ ಸುತ್ತು ಹಾಕುತ್ತ ಹೋಗಬೇಕು. ಉಸುಕು ಸಣ್ಣದಾದ ಮೇಲೆ ತೊಳೆದು, ಮೇಲ್ಗಲ್ಲನ್ನು ಕಾಲು ಸುತ್ತು ತಿರುಗಿಸಿ ಇಟ್ಟು, ಹೊಸ ಉಸುಕು ಹಾಕಬೇಕು. ಹೀಗೆ ನಾಲ್ಕು ಪಾಳಿ. ನಾಲ್ಕು ಪಾಳಿ ಮುಗಿದರೆ ಮೇಲಿನದು, ಕೆಳಗಿನದು, ಎರಡೂ ಕಲ್ಲುಗಳ ಬರಹ ಹೋಗಿರುತ್ತದೆ. ಅವಸರ ಮಾಡಿದರೆ ಜಿಡ್ಡು ಕಲ್ಲಿನೊಳಗೆ ಉಳಿದುಕೊಂಡು, ಹೊಸ ಅಚ್ಚಿನ ಅಡಿಯಲ್ಲಿ ಹಳೆಯ ಅಕ್ಷರ ಮಸುಕಾಗಿ ಎದ್ದು ಬರುತ್ತದೆ. ಅದಕ್ಕೆ ಅವರು ನೆರಳು ಅನ್ನುತ್ತಿದ್ದರು.

ಅಳವಂಡಿಯ ಹುಡುಗಿ ಕಳಕಮ್ಮ ಕೊಪ್ಪಳಕ್ಕೆ ಸೊಸೆಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ. ಗಂಡ ಕನಕಪ್ಪ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತೇನೆಂದು ಹೋದವನು ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಉಳಿದ. ಸೊಂಟದಲ್ಲಿ ಕೂಸು ಇಟ್ಟುಕೊಂಡು ಕಳಕಮ್ಮ ಪ್ರೆಸ್ಸಿನ ಬಾಗಿಲಿಗೆ ಬಂದಾಗ ಹದಿನಾರು ವಯಸ್ಸು. ಅದೇ ವಾರ ಜುಬೇದಾಬೀಯೂ ಬಂದಳು. ಅವಳು ಬೇಡಿಕೊಂಡು ಬಂದವಳಲ್ಲ. ಅವಳ ಗಂಡನೇ ಅಲ್ಲಿ ಕಲ್ಲಿನ ಮೇಲೆ ಬರೆಯುವ ಕಾತಿಬ. ಉರ್ದು, ಕನ್ನಡ ಎರಡನ್ನೂ ಹಿಮ್ಮುಖವಾಗಿ, ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ.

ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ತೊಟ್ಟಿಯ ಎರಡು ಬದಿಗೆ ಕುಳಿತು ಕಲ್ಲು ತಿಕ್ಕಿದರು. ಉಸುಕು ಮೊದಲು ಅಂಗೈಯ ಗೆರೆಗಳನ್ನು ತಿನ್ನುತ್ತದೆ, ಆಮೇಲೆ ಬೆರಳಿನವನ್ನು. ಸಂಜೆ ಆರಕ್ಕೆ ಗಂಟೆ ಹೊಡೆದ ಮೇಲೆ ಕಾತಿಬ ಪ್ರೆಸ್ಸಿನ ಹೊರಗಿನ ಕಟ್ಟೆಯ ಮೇಲೆ ಹೆಂಡತಿಯನ್ನು ಕೂಡಿಸಿಕೊಂಡು, ಕಿಸೆಯಿಂದ ಎಣ್ಣೆಯ ಶೀಶೆ ತೆಗೆದು, ಅವಳ ಬೆರಳು ಒಂದೊಂದನ್ನೇ ತಿಕ್ಕುತ್ತಿದ್ದ. ಎಣ್ಣೆಗೈ ಕಲ್ಲಿಗೆ ತಾಗಿದರೆ ಕಲೆಯಾಗುತ್ತದೆಂದು ಪ್ರೆಸ್ಸಿನ ಒಳಗೆ ಎಣ್ಣೆ ತರುವ ಹಾಗಿರಲಿಲ್ಲ. ಅದಕ್ಕೇ ಹೊರಗೆ, ಓಣಿಯ ಮಂದಿ ಹಾಯ್ದು ಹೋಗುವಲ್ಲಿ, ನಾಚಿಕೆಯಿಲ್ಲದೆ ಹಚ್ಚುತ್ತಿದ್ದ.

"ನಿನಗೂ ಹಚ್ತೀನಿ ಬಾರವಾ ಕಳಕವ್ವ, ನೋಡಿಲ್ಲಿ ಎಷ್ಟೊಂದ ಎಣ್ಣಿ ಐತಿ," ಎಂದು ಜುಬೇದಾಬೀ ಕರೆಯುತ್ತಿದ್ದಳು.

"ನಂದೇನು ನಿನ್ನಂಗ ಬೇಗಮ್ಮನ ಕೈ ಅಲ್ಲವಾ," ಎಂದು ಕಳಕಮ್ಮ ಹೋಗಿಬಿಡುತ್ತಿದ್ದಳು. ಓಣಿಯ ತಿರುವಿನಲ್ಲಿ ನಿಂತು ಮಾತ್ರ ಹಿಂದಿರುಗಿ ನೋಡುತ್ತಿದ್ದಳು. ದಿನವೂ ನೋಡುತ್ತಿದ್ದಳು.

ಆ ಎಣ್ಣೆಯೇ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹಸಿರು ದೀಪವಾಗಿ ಹತ್ತಿದ್ದು.

ಇನ್ನೊಂದು ಸಂಗತಿ ಇದೆ. ಪ್ರೆಸ್ಸಿಗೆ ಬಂದು ಒಂಬತ್ತು ವರ್ಷವಾಗಿತ್ತು. ಯಲಬುರ್ಗಾದ ಒಂದು ದೊಡ್ಡ ಮನೆಯ ಲಗ್ನಪತ್ರಿಕೆ ಅಚ್ಚಾಗಿ ಹೋಯಿತು. ನಾಲ್ಕು ದಿನಕ್ಕೆ ಹೆಣ್ಣಿನ ಕಡೆಯವರು ಗಾಡಿ ಕಟ್ಟಿಕೊಂಡು ಬಂದು ಪತ್ರಿಕೆಯ ಕಟ್ಟನ್ನು ಪ್ರೆಸ್ಸಿನ ಧಣಿಯ ಮುಖಕ್ಕೆ ಎಸೆದರು. ಮದುಮಗಳ ಹೆಸರಿನ ಕೆಳಗೆ, ಕಣ್ಣಿಟ್ಟು ನೋಡಿದರೆ, ಬೂದು ಬಣ್ಣದಲ್ಲಿ 'ಶಿವಾಧೀನರಾದರು' ಎಂದು ಎದ್ದಿತ್ತು. ಹಿಂದಿನ ವಾರ ಆ ಕಲ್ಲಿನ ಮೇಲೆ ಕುಷ್ಟಗಿಯ ಯಾರದೋ ಪುಣ್ಯತಿಥಿಯ ಪತ್ರ ಇತ್ತು. ಗಂಡಿನವರು ಅಪಶಕುನವೆಂದು ಲಗ್ನವನ್ನೇ ಮುರಿದಿದ್ದರು.

ಕಲ್ಲು ತಿಕ್ಕಿದವರು ಯಾರು ಎಂದು ಧಣಿ ಕೇಳಿದ. ಕಳಕಮ್ಮ ನೆಲ ನೋಡುತ್ತ ನಿಂತಿದ್ದಳು. ಕಲ್ಲು ತಿಕ್ಕಿದ ದಿನ ಹುಣ್ಣಿಮೆ, ಹುಲಿಗಿಗೆ ಹೋಗುವ ಲಾರಿ ತಪ್ಪುತ್ತದೆಂದು ಅವಳು ಎರಡೇ ಪಾಳಿ ತಿಕ್ಕಿ ಕೈ ತೊಳೆದಿದ್ದಳು. ಧಣಿ ಜುಬೇದಾಬೀಯ ಕಡೆ ತಿರುಗಿ, "ನೀನು ಹೇಳು. ಹೇಳಲಿಲ್ಲಂದ್ರ ಇಬ್ರನ್ನೂ ಹೊರಗ ಹಾಕ್ತೀನಿ," ಎಂದ.

"ಕಳಕಮ್ಮ ತಿಕ್ಕಿದ್ಲ್ರಿ," ಎಂದಳು ಜುಬೇದಾಬೀ.

ಧಣಿ ಹೊಡೆಯಲಿಲ್ಲ, ಬಯ್ಯಲಿಲ್ಲ. ಅದೇ ಕಲ್ಲನ್ನು ಕಳಕಮ್ಮನ ತಲೆಯ ಮೇಲೆ ಹೊರಿಸಿ, ಪ್ರೆಸ್ಸಿನ ಬಾಗಿಲಲ್ಲಿ ಬಿಸಿಲಿಗೆ ನಿಲ್ಲಿಸಿದ. ಮಧ್ಯಾಹ್ನದಿಂದ ಆರರ ಗಂಟೆಯವರೆಗೆ. ವೈಶಾಖದ ಬಿಸಿಲು. ಹೋಗುವವರು ಬರುವವರು ನಿಂತು ನೋಡಿದರು. ಮೂರನೆಯ ತಾಸಿಗೆ ನಿಂತಲ್ಲೇ ಸೀರೆ ಒದ್ದೆಯಾಯಿತು. ಅದನ್ನೂ ನೋಡಿದರು. ಕಲ್ಲು ಕುಳಿತ ಜಾಗದಲ್ಲಿ ನೆತ್ತಿಯ ಮೇಲೆ ಒಂದು ರೂಪಾಯಿಯಷ್ಟು ಅಗಲಕ್ಕೆ ಮತ್ತೆ ಕೂದಲು ಹುಟ್ಟಲಿಲ್ಲ.

ಜುಬೇದಾಬೀ ಸುಳ್ಳು ಹೇಳಿದ್ದರೆ ಕಳಕಮ್ಮ ಒಂದು ದಿನ ಜಗಳ ತೆಗೆದು, ಬಾಯಿ ತುಂಬ ಬಯ್ದು, ಮರೆತುಬಿಡುತ್ತಿದ್ದಳು. ಹೇಳಿದ್ದು ನಿಜ. ನಿಜವನ್ನು ಏನಂತ ಬಯ್ಯುವುದು?

ಅಂದಿನಿಂದ ಧಣಿ ಒಂದು ಪದ್ಧತಿ ಮಾಡಿದ. ಒಬ್ಬಳು ತಿಕ್ಕುವ ಕಲ್ಲುಗಳನ್ನು ಇನ್ನೊಬ್ಬಳು ಜೋಡಿಸಿಡಬೇಕು. ಇಲ್ಲದಿದ್ದರೆ ಹೆಣ್ಣಾಳುಗಳು ಹಗುರ ಬರಹದ ಕಲ್ಲುಗಳನ್ನು ತಮಗೆ ಆರಿಸಿಕೊಳ್ಳುತ್ತಾರೆ ಎಂದು ಅವನ ಲೆಕ್ಕ. ಹೀಗೆ ಉಳಿದ ಹದಿಮೂರು ವರ್ಷ ಕಳಕಮ್ಮ ಜುಬೇದಾಬೀಗೆ ಕಲ್ಲು ಜೋಡಿಸಿದಳು, ಜುಬೇದಾಬೀ ಕಳಕಮ್ಮನಿಗೆ ಜೋಡಿಸಿದಳು. ಕಳಕಮ್ಮ ಹುಡುಕಿ ಹುಡುಕಿ ದಟ್ಟ ಬರಹದವನ್ನೇ ಅವಳ ಮುಂದಿಡುತ್ತಿದ್ದಳು. ಜುಬೇದಾಬೀ ಸುಮ್ಮನೆ ತಿಕ್ಕುತ್ತಿದ್ದಳು.

ಆಫ್‌ಸೆಟ್ ಬಂದಿತು, ಕಲ್ಲಚ್ಚು ಮುಚ್ಚಿತು. ಬಾಗಿಲು ಹಾಕುವ ದಿನ ಧಣಿ ಕಾತಿಬನಿಗೆ ಒಂದು ಸಣ್ಣ ಕಲ್ಲು ಕೊಟ್ಟ, ನೆನಪಿಗೆ ಇರಲಿ ಎಂದು. ಅದನ್ನು ಮನೆಗೆ ಹೊತ್ತವರು ಇದೇ ಇಬ್ಬರು ಹೆಂಗಸರು, ಗೋಣಿಚೀಲದಲ್ಲಿ ಇಟ್ಟು, ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಗಟಾರ ದಾಟುವಾಗ ಕಳಕಮ್ಮ ತನ್ನ ತುದಿ ಸಡಿಲ ಬಿಟ್ಟಳು. ಒಂದು ಮೂಲೆ, ಹುಣಸೆ ಬೀಜದಷ್ಟು, ಚಕ್ಕೆ ಎದ್ದಿತು.

"ಕೈ ಜಾರಿತು," ಎಂದಳು.

"ಇರಲಿ ಬಿಡವಾ, ಗುರ್ತಾ ಆತು," ಎಂದಳು ಜುಬೇದಾಬೀ.

ಕಾತಿಬನಿಗೆ ಆಗಲೇ ಎದೆಯ ಬೇನೆ. ಹಾಸಿಗೆ ಹಿಡಿದವನು ಒಮ್ಮೆ ಎದ್ದು ಕುಳಿತು, ಹೆಂಡತಿಗೆ ಬೆನ್ನು ಮಾಡಿ, ಮೂರು ದಿನ ಆ ಕಲ್ಲಿನ ಮೇಲೆ ಬರೆದ. ಬರೆದು, ಪದ್ಧತಿಯ ಪ್ರಕಾರ ಮೇಲಿನ ಮಸಿ ತೊಳೆದು ಗೋಂದು ಬಳಿದ. ಹಾಗೆ ಮಾಡಿದರೆ ಬರಹ ಕಣ್ಣಿಗೆ ಕಾಣುವುದಿಲ್ಲ, ಜಿಡ್ಡಾಗಿ ಕಲ್ಲಿನೊಳಗೆ ಕುಳಿತಿರುತ್ತದೆ. ಎಷ್ಟು ವರ್ಷವಾದರೂ ಮತ್ತೆ ಮಸಿ ಉರುಳಿಸಿದರೆ ಎದ್ದು ಬರುತ್ತದೆ. "ಏನು ಬರದ್ರಿ?" ಎಂದು ಕೇಳಿದರೆ ನಕ್ಕ. "ಎಲ್ಲಿಯಾದ್ರೂ ಒಂದು ಪ್ರತಿ ಒತ್ತಿಸಿಕೊಂಡು ಬಾ, ಓದಿ ಹೇಳ್ತೀನಿ. ನಿಂಗಂತ ಬರದೀನಿ," ಎಂದ. ಜುಬೇದಾಬೀ ಹೊಸಪೇಟೆಯವರೆಗೂ ಕೇಳಿ ಬಂದಳು. ಕಲ್ಲಚ್ಚು ಎಲ್ಲಿಯೂ ಉಳಿದಿರಲಿಲ್ಲ. ನಾಲ್ಕು ತಿಂಗಳಿಗೆ ಅವನೂ ಉಳಿಯಲಿಲ್ಲ.

ಕಲ್ಲು ಮೂವತ್ತಾರು ವರ್ಷ ಅವಳ ಟ್ರಂಕಿನ ಕೆಳಗೆ, ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಕುಳಿತಿತ್ತು.

ಇಷ್ಟು ಹಿಂದಿನದು. ಈಗ ಮುಂದಿನದು.

ರೇಶನ್ ಅಂಗಡಿಯ ಆ ಸಂಗತಿಯಾದ ಮೇಲೆ, ಹೋದ ವರ್ಷ, ಆ ಧಣಿಯ ಮೊಮ್ಮಗ ವಿರುಪಾಕ್ಷಿ ಹಳೆಯ ಪ್ರೆಸ್ಸಿನ ಬೀಗ ತೆಗೆಸಿದ. ಸುಣ್ಣ ಬಳಿಸಿ, ಗಾಜಿನ ಕಪಾಟು ಮಾಡಿಸಿ, ಹೈದರಾಬಾದಿನಿಂದ ಒಬ್ಬ ಮುದಿ ಮಿಸ್ತ್ರಿಯನ್ನು ಕರೆಸಿ ಕೈಯಂತ್ರ ರಿಪೇರಿ ಮಾಡಿಸಿದ. ಬಾಗಿಲ ಮೇಲೆ 'ಕಲ್ಲಚ್ಚು ಮ್ಯೂಸಿಯಂ' ಎಂದು ಬೋರ್ಡು ಹಾಕಿಸಿದ. ಬಂದವರಿಗೆ ಬರೀ ಕಲ್ಲು ತೋರಿಸಿದರೆ ಏನು ಬಂತು? ತಿಕ್ಕಿ ತೋರಿಸುವ ಕೈ ಬೇಕು. ಹಳಬರಲ್ಲಿ ಉಳಿದವರು ಇಬ್ಬರೇ. ಇಬ್ಬರನ್ನೂ ಕರೆಸಿ ಹೇಳಿದ: ಒಬ್ಬರಿಗೆ ಕೆಲಸ, ತಿಂಗಳ ಸಂಬಳ, ಮ್ಯೂಸಿಯಮ್ಮಿನ ಹಿಂದೆ ಇರಲು ಒಂದು ಖೋಲಿ.

ಸಂಬಳ ಕಳಕಮ್ಮನ ಕಿವಿಗೆ ಬೀಳಲಿಲ್ಲ. ಖೋಲಿ ಬಿತ್ತು. ಅವಳು ಹಿತ್ತಿಲಿಗೆ ಹೋಗಿ ನೋಡಿ ಬಂದಳು. ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು. ಮಗನ ಮನೆಯಲ್ಲಿ ಅವಳು ಮಲಗುವುದು ಪಡಸಾಲೆಯಲ್ಲಿ, ಸೊಸೆಯ ಹೊಲಿಗೆ ಯಂತ್ರದ ಪಕ್ಕ. ಅವಳ ತಾಟನ್ನು ನಾಯಿಯ ತಾಟಿನ ಜೊತೆಗೆ ಬೇರೆ ತೊಳೆಯುತ್ತಿದ್ದರು. ಆ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದಳು. ಸದ್ದು ಚೆನ್ನಾಗಿತ್ತು.

"ಇಬ್ಬರಾಗ ಯಾರನ್ನ ಇಟ್ಕೊಳ್ಳೋದು ಅಂತ ನನಗ ತಿಳಿವಲ್ದು," ಎಂದ ವಿರುಪಾಕ್ಷಿ. "ನೀವಾ ಹೇಳ್ರಿ ಅಮ್ಮಾ."

ಜುಬೇದಾಬೀ ಹೇಳಿದಳು, "ಕಳಕವ್ವನ್ನಾ ಇಟ್ಕೊಳ್ರಿ ಧಣೇರ. ನನಗ ಕಣ್ಣು ಕಾಣವಲ್ವು. ನಂದೊಂದಾ ಕೆಲಸ ಐತಿ ನಿಮ್ಮಿಂದ. ಮನ್ಯಾಗ ಒಂದು ಕಲ್ಲೈತಿ. ಅದರದ್ದೊಂದು ಪ್ರತಿ ಒತ್ತಿ ಕೊಡ್ರಿ. ಯಾರ ಕೈಲಾದ್ರೂ ಓದಿಸಿಕೊಂತೀನಿ."

ಅಲ್ಲಿಗೆ ಬಿಟ್ಟಿದ್ದರೆ ಖೋಲಿ ಕಳಕಮ್ಮನದೇ ಆಗುತ್ತಿತ್ತು. ಆದರೆ ಆ ಮಿಸ್ತ್ರಿ ಬಾಯಿ ಹಾಕಿದ. "ಕಣ್ಣಿಂದೇನೈತ್ರಿ? ಕಲ್ಲು ತಿಕ್ಕೋದು ಕೈಯಾಗಿನ ಕೆಲಸ. ಇಬ್ಬರ ಕೈನೂ ನೋಡೋಣು." ವಿರುಪಾಕ್ಷಿಗೆ ಅದು ಹಿಡಿಸಿತು. ಶುಕ್ರವಾರ ನಾಲ್ಕು ಮಂದಿಯ ಎದುರಿಗೆ ಇಬ್ಬರೂ ತಿಕ್ಕಬೇಕು, ಆಮೇಲೆ ಮಸಿ ಉರುಳಿಸಿ ನೋಡುವುದು, ಯಾರ ಕಲ್ಲಿನಲ್ಲಿ ನೆರಳು ಇಲ್ಲವೋ ಅವರಿಗೆ ಕೆಲಸ.

ಕಳಕಮ್ಮ ತಲೆ ಎತ್ತಿದಳು. ತಿಕ್ಕುವುದರಲ್ಲಿ ಜುಬೇದಾಬೀಯ ಮುಂದೆ ತಾನು ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದವರು ಪ್ರಪಂಚದಲ್ಲಿ ಅವಳೊಬ್ಬಳೇ.

"ಹಂಗಾರ ನಿಮ್ಮ ಅಜ್ಜಾರ ಪದ್ಧತಿ ಪ್ರಕಾರನಾ ಆಗಲ್ರಿ ಧಣೇರ," ಎಂದಳು. "ಒಬ್ಬಾಕಿ ಕಲ್ಲು ಇನ್ನೊಬ್ಬಾಕಿ ಜೋಡಿಸೋದು."

"ಅಜ್ಜಾರು ಹಂಗ ಮಾಡಿಸ್ತಿದ್ರಾ? ಭಾಳ ಛಲೋ ಆತು!" ಎಂದು ವಿರುಪಾಕ್ಷಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಶುಕ್ರವಾರ ಬೆಳಿಗ್ಗೆ ಜುಬೇದಾಬೀ ಅಣ್ಣನ ಮಗನ ಬೈಕಿನ ಮೇಲೆ ಕಲ್ಲು ಇಟ್ಟುಕೊಂಡು ಬಂದಳು. ಅದೇ ಲುಂಗಿಯಲ್ಲಿ ಸುತ್ತಿತ್ತು. ತೊಟ್ಟಿಯ ಹತ್ತಿರದ ಕಟ್ಟೆಯ ಮೇಲೆ ಇಟ್ಟು, "ಮೊದಲ ತಿಕ್ಕೋದು ಮುಗೀಲಿ, ಆಮ್ಯಾಲೆ ಇದನ್ನ ಒತ್ತೋಣು," ಎಂದು ವಿರುಪಾಕ್ಷಿ ಹೇಳಿದ್ದಕ್ಕೆ ಹೂಂ ಎಂದಳು. ಹೊಸ ಸೀರೆ ಉಟ್ಟಿದ್ದಳು. ಕಣ್ಣಿಗೆ ಸುರ್ಮಾ ಹಚ್ಚಿದ್ದಳು. ನಿಕಾಹಕ್ಕೆ ಹೊರಟ ಹಾಗೆ ಇದ್ದಳು ಮುದುಕಿ.

"ಏನು ಬರದಿರಬೇಕಬೇ ಅದರಾಗ?" ಎಂದಳು ಕಳಕಮ್ಮ.

"ಯಾರಿಗ್ಗೊತ್ತವಾ! ಮೂರು ದಿನ ಬರದಾರಂದ್ರ ಒಂದು ಮಾತಂತೂ ಅಲ್ಲ." ಜುಬೇದಾಬೀ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಕೆಟ್ಟದ್ದೇನರ ಬರದಿದ್ರ ಎಲ್ಲರ ಮುಂದ ಓದಬ್ಯಾಡ್ರಿ ಅಂತ ಹೇಳಬೇಕು."

ಆ ನಗು ಕಳಕಮ್ಮನ ಕೈಯನ್ನು ಮುಂದೆ ಮಾಡಿತು. ಮೊದಲಿಗೆ ಅವಳ ಮನಸ್ಸಿನಲ್ಲಿ ಇದ್ದದ್ದು ಒಂದು ದಟ್ಟ ಬರಹದ ಕಲ್ಲು ಇಡುವುದಷ್ಟೇ. ಈಗ ಬೇರೆಯದು ಹೊಳೆಯಿತು. ಜುಬೇದಾಬೀ ಕಲ್ಲು ಆರಿಸಲು ಕಪಾಟಿನ ಕಡೆ ಹೋಗಿದ್ದಳು. ಉಳಿದವರೆಲ್ಲ ಬಾಗಿಲ ಕಡೆಗೆ ಹೋಗಿದ್ದರು, ಬಂದ ನಾಲ್ಕು ಮಂದಿಗೆ ಚಹಾ ಕೊಡುತ್ತಿದ್ದರು. ಜುಬೇದಾಬೀಯ ಬದಿಗೆ ಕೆಳಗಲ್ಲು ಒಂದನ್ನು ತೊಟ್ಟಿಯ ಹಲಗೆಯ ಮೇಲೆ ಸರಿಸಿದಳು. ಮೇಲ್ಗಲ್ಲಿಗೆ ಕಪಾಟಿನ ಕಡೆ ಹೋಗಲಿಲ್ಲ. ಕಾತಿಬನ ಕಲ್ಲಿಗೆ ಸುತ್ತಿದ್ದ ಲುಂಗಿ ಬಿಚ್ಚಿದಳು. ಅದರಲ್ಲಿ ಪ್ರೆಸ್ಸಿನ ಒಂದು ಸಣ್ಣ ಕಲ್ಲು ಸುತ್ತಿಟ್ಟಳು. ಬಿಚ್ಚಿದ ಕಲ್ಲನ್ನು ಎತ್ತಿ ತಂದಾಗ ಅವಳ ಒದ್ದೆಗೈ ತಾಗಿದಲ್ಲಿ ಒಂದೆರಡು ಬೂದು ಗೆರೆ ಎದ್ದವು. ಓದಬಹುದಿತ್ತೋ ಏನೋ. ಕಲ್ಲನ್ನು ದಡಕ್ಕನೆ ಬೋರಲು ಹಾಕಿ, ಚಕ್ಕೆ ಎದ್ದ ಮೂಲೆಯನ್ನು ಆಚೆ ಬದಿಗೆ ಮಾಡಿದಳು.

ತಿಕ್ಕುವಾಗ ಮುದುಕಿಗೆ ತಿಳಿಯುತ್ತದೆ. ತಿಳಿದ ಕೂಡಲೇ ಚೀರುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಅರ್ಧಕ್ಕೆ ಎದ್ದು ಹೋಗುತ್ತಾಳೆ. ಎಲ್ಲ ಕಲ್ಲೂ ಒಂದೇ ಥರ ಕಾಣಿಸಿದವ್ರಿ ಎಂದು ತಾನು ಹೇಳಿದರಾಯಿತು. ಕಳಕಮ್ಮ ಹಾಕಿದ ಲೆಕ್ಕ ಇದು.

ಅತ್ತ ಜುಬೇದಾಬೀ ಕಳಕಮ್ಮನ ಕಲ್ಲು ಜೋಡಿಸಿಟ್ಟಿದ್ದಳು. ಕಣ್ಣು ಕಾಣದವಳು ಬೆರಳಿನಿಂದ ತಡವಿ ತಡವಿ, ಇದ್ದವುಗಳಲ್ಲಿ ಎಲ್ಲಕ್ಕಿಂತ ತೆಳು ಬರಹದ ಎರಡು ಕಲ್ಲುಗಳನ್ನು ಆರಿಸಿದ್ದಳು. ಕಳಕಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಆಗಲಾದರೂ ಎದ್ದು ಹೋಗಿ ಕಲ್ಲು ಬದಲಿಸಬಹುದಿತ್ತು. ಇವಳೇನು ನನಗೆ ಭಿಕ್ಷೆ ಹಾಕುವುದು ಎಂದುಕೊಂಡು ಸೆರಗು ಬಿಗಿದಳು.

ಉಸುಕು ಬಿತ್ತು, ನೀರು ಬಿತ್ತು. ಎರಡು ಜೋಡಿ ಕಲ್ಲು ಕರಕರ ಎಂದವು. ಬಂದವರು ಫೋನು ಎತ್ತಿ ಹಿಡಿದರು. ಮೊದಲನೆಯ ಪಾಳಿ ಮುಗಿಯಿತು. ಕಲ್ಲಿನಿಂದ ಇಳಿದ ನೀರು ಹಾಲಿನ ಹಾಗೆ ಬೆಳ್ಳಗಿತ್ತು, ನಡುವೆ ಬೂದಿಯ ಎಳೆ. ಎರಡನೆಯ ಪಾಳಿ ಮುಗಿಯಿತು. ಕಳಕಮ್ಮನ ಕೈ ತನ್ನ ಕಲ್ಲಿನ ಮೇಲಿತ್ತು, ಕಣ್ಣು ಜುಬೇದಾಬೀಯ ಬೆರಳುಗಳ ಮೇಲೆ. ಆಕೆ ಕಲ್ಲು ತೊಳೆದು ಕಾಲು ಸುತ್ತು ತಿರುಗಿಸಿದಳು. ಮೂರನೆಯ ಪಾಳಿಗೆ ಉಸುಕು ಹಾಕಿ, ಅಂಗೈ ಇಟ್ಟಳು. ಎಡಗೈಯ ಹೆಬ್ಬೆರಳು ಮೂಲೆಗೆ ಹೋಯಿತು.

ಹೋಗಿ ಅಲ್ಲಿಯೇ ನಿಂತಿತು.

ಮತ್ತೆ ತಡವಿತು. ಹುಣಸೆ ಬೀಜದಷ್ಟು ಚಕ್ಕೆ. ಮೂವತ್ತಾರು ವರ್ಷ ದಿನಾ ಟ್ರಂಕಿನ ಕೆಳಗೆ ಕೈ ಹಾಕಿ ಮುಟ್ಟಿದ ಚಕ್ಕೆ. ಯಂತ್ರಕ್ಕೆ ಗುರುತು ಸಿಕ್ಕ ಹೆಬ್ಬೆರಳದು, ಅದಕ್ಕೂ ಗುರುತು ಸಿಕ್ಕಿತು.

ಜುಬೇದಾಬೀ ಚೀರಲಿಲ್ಲ. ಮುಖ ಎತ್ತಿದಳು. ಕಾಣದ ಕಣ್ಣು ನೇರವಾಗಿ ಕಳಕಮ್ಮ ಕುಳಿತ ಬದಿಗೆ ಬಂದು ನಿಂತಿತು. ಸುರ್ಮಾ ಹಚ್ಚಿದ ಕಣ್ಣು. ಬಾಯಿ ಸ್ವಲ್ಪ ತೆರೆದಿತ್ತು, ಯಾರೋ ಹೊಟ್ಟೆಗೆ ಗುದ್ದಿದ ಹಾಗೆ.

"ಯಾಕಮ್ಮಾ, ದಣಿವಾತೇನು? ನಿಲ್ಲಸ್ತೀರೇನು?" ಎಂದ ವಿರುಪಾಕ್ಷಿ.

"ಇಲ್ರಿ," ಎಂದಳು ಜುಬೇದಾಬೀ. "ಅರ್ಧಕ್ಕ ನಿಲ್ಲಿಸಿದ್ರ ನೆರಳ ಉಳಿತೈತ್ರಿ."

ಮತ್ತೆ ತಿಕ್ಕಿದಳು. ಮೂರನೆಯ ಪಾಳಿ ತಿಕ್ಕಿದಳು. ತೊಳೆದು, ತಿರುಗಿಸಿ, ನಾಲ್ಕನೆಯ ಪಾಳಿ ತಿಕ್ಕಿದಳು. ಯಾರೂ ಕೇಳದ ಐದನೆಯದನ್ನೂ ತಿಕ್ಕಿದಳು. ಕಣ್ಣಿನಿಂದ ಸುರ್ಮಾ ಇಳಿದು ಗಲ್ಲದ ಮೇಲೆ ಕಪ್ಪು ಗೆರೆಯಾಯಿತು. ಬೆವರು ಎಂದುಕೊಂಡರು ಎಲ್ಲರೂ. ಕಳಕಮ್ಮನ ಕೈ ಯಾವಾಗಲೋ ನಿಂತುಹೋಗಿತ್ತು. ಯಾರೋ "ಮುಗೀತಾ ಅಜ್ಜಿ?" ಎಂದಾಗ ಹೂಂ ಎಂದುಬಿಟ್ಟಳು.

ಮಿಸ್ತ್ರಿ ಮಸಿ ಉರುಳಿಸಿದ. ಕಳಕಮ್ಮನ ಕೆಳಗಲ್ಲಿನ ಮೇಲೆ ಮೆಲ್ಲಗೆ ಒಂದು ಗಿಳಿಯ ಬಾಲ ಎದ್ದು ಬಂತು. ಗಂಗಾವತಿಯ ಅಕ್ಕಿಯ ಮಾರ್ಕು. "ನೆರಳೈತಿ," ಎಂದ. ಜುಬೇದಾಬೀಯ ಕೆಳಗಲ್ಲು ಖಾಲಿ. ಆಮೇಲೆ ಅವಳ ಮೇಲ್ಗಲ್ಲನ್ನು ಎತ್ತಿ ಹಲಗೆಯ ಮೇಲಿಟ್ಟ. ಒಂದು ಅಕ್ಷರ ಎದ್ದರೂ ಎಲ್ಲ ಹೊರಗೆ ಬರುತ್ತದೆ. ಜುಬೇದಾಬೀ ಕುತ್ತಿಗೆ ಮುಂದೆ ಚಾಚಿ ಕುಳಿತಿದ್ದಳು. ಒಂದು ಅಕ್ಷರವಾದರೂ ಏಳಲಿ ಎಂದು ಅವಳು, ಏಳದಿರಲಿ ಎಂದು ಇವಳು.

ಮಿಸ್ತ್ರಿ ಒರೆಸಿದ, ಉರುಳಿಸಿದ, ಮತ್ತೆ ಒರೆಸಿದ. ಕಲ್ಲು ತೊಳೆದ ತಾಟಿನ ಹಾಗಿತ್ತು.

"ಸುಬ್ಹಾನಲ್ಲಾ! ಈ ವಯಸ್ಸಿನಾಗ ಏನು ಕೈ ಇದು ಆಪಾ! ಒಂದು ಚುಕ್ಕಿ ಬಿಟ್ಟಿಲ್ಲ," ಎಂದ. ಬಂದವರು ಚಪ್ಪಾಳೆ ತಟ್ಟಿದರು.

ವಿರುಪಾಕ್ಷಿ ಖುಷಿಯಿಂದ ಲುಂಗಿಯ ಗಂಟು ಎತ್ತಿಕೊಂಡು ಬಂದ. "ಕೆಲಸ ನಿಮ್ದಾ ಅಮ್ಮಾ. ಈಗ ನಿಮ್ಮ ಮನಿ ಕಲ್ಲಿಂದು ಪ್ರತಿ ತೆಗೆಯೋಣು." ಬಿಚ್ಚಿದ. "ಅರೆ, ಇದರ ಮ್ಯಾಲೆ ನಮ್ಮ ಮ್ಯೂಸಿಯಮ್ಮಿನ ನಂಬರು ಐತಲ್ಲ!"

"ನಮ್ಮ ಮನಿದು ಅದಲ್ರಿ ಧಣೇರ," ಎಂದಳು ಜುಬೇದಾಬೀ. "ನಮ್ಮ ಮನಿದು ಈಗ ನಿಮ್ಮ ಮಿಸ್ತ್ರಿ ಒರೆಸಿದ್ನಲ್ರಿ, ಅದು."

ವಿರುಪಾಕ್ಷಿ ಕಳಕಮ್ಮನ ಕಡೆ ತಿರುಗಿದ. "ಕಲ್ಲು ಜೋಡಿಸಿದವ್ರು ನೀವಲ್ಲೇನು?"

ಕಳಕಮ್ಮನ ನೆತ್ತಿಯ ಮೇಲಿನ ಬೋಳು ಜಾಗ ಸುಟ್ಟಿತು. ಮತ್ತೆ ಬಾಗಿಲು, ಮತ್ತೆ ಬಿಸಿಲು, ಮತ್ತೆ ಮಂದಿ.

"ನಾನಾ ಇಡು ಅಂದಿದ್ನಿ," ಎಂದಳು ಜುಬೇದಾಬೀ. "ಅದರಾಗ ಏನೂ ಇದ್ದಿಲ್ರಿ. ಮುದುಕ ಸುಮ್ನ ಆಟ ಆಡಸ್ಯಾನ ನನ್ನ." ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ಮಾತು ನಡಿಸ್ರಿ ಧಣೇರ. ನನಗ ಕಣ್ಣು ಕಾಣಂಗಿಲ್ಲ. ಕಲ್ಲು ಜೋಡಿಸಾಕ ಒಬ್ಬರು ಬೇಕು. ಕಳಕವ್ವನ್ನೂ ಇಟ್ಕೊಳ್ರಿ. ಖೋಲಿ ದೊಡ್ಡದೈತಿ, ಇಬ್ಬರಿಗೂ ಆಗತೈತಿ."

ಬೇಡ ಎನ್ನಲಾಗದೆ ಕಳಕಮ್ಮ ತಲೆಯಾಡಿಸಿದಳು. ಬೇಡ ಅಂದರೆ ಯಾಕೆ ಎಂದು ಕೇಳುತ್ತಾರೆ. ಮರುದಿನ ಶೈಲಶ್ರೀ ಅವಳ ಸೀರೆಯ ಗಂಟನ್ನು ತಾನೇ ತಂದು 'ಪೀಡಾ ಹೋತು' ಎಂದು ಮ್ಯೂಸಿಯಮ್ಮಿನ ಬಾಗಿಲಲ್ಲಿ ಇಟ್ಟು ಹೋದಳು.

ಖೋಲಿಗೆ ಒಳಗಿನಿಂದ ಚಿಲಕ ಇದೆ. ದಿನವೂ ಅದನ್ನು ಹಾಕುವವಳು ಕಳಕಮ್ಮನೇ. ಹಾಕಿದ ಮೇಲೆ ಒಳಗೆ ಇರುವವರು ಅವರಿಬ್ಬರೇ. ಜುಬೇದಾಬೀ ಆ ಸಂಗತಿ ಒಮ್ಮೆಯೂ ಎತ್ತಿಲ್ಲ. ಬಯ್ದಿಲ್ಲ. ಅತ್ತಿಲ್ಲ. ಕಳಕಮ್ಮ ಜಗಳ ತೆಗೆಯಲು ನೋಡಿದಳು. ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟಳು, ಚಾಪೆ ಎಳೆದುಕೊಂಡಳು. ಆಕೆ ಸಕ್ಕರೆ ಇಲ್ಲದ ಚಹಾ ಕುಡಿದಳು, ಬರೀ ನೆಲದ ಮೇಲೆ ಮಲಗಿದಳು.

ತಿಕ್ಕಲು ಕುಳಿತಾಗ ಮಾತ್ರ ಒಂದು ಮಾತು ಕೇಳುತ್ತಾಳೆ. ನೋಡಲು ಬಂದವರೆಲ್ಲ ಸುತ್ತ ನಿಂತಿರುತ್ತಾರೆ. ಅಂಗೈ ಇಡುವ ಮೊದಲು, ತಲೆ ಎತ್ತದೆ ಕೇಳುತ್ತಾಳೆ: "ಕಳಕವ್ವ, ಯಾವ ಕಲ್ಲಿಟ್ಟೀ? ಮುಖಾ ತೋರಿಸು."

ಕಳಕಮ್ಮ ಆಗ ಮೇಲ್ಗಲ್ಲನ್ನು ಎತ್ತಬೇಕು. ಹತ್ತು ಕಿಲೋ ಕಲ್ಲು. ಎತ್ತಿ, ಅದರ ಮುಖವನ್ನು ಬಂದವರ ಕಡೆ ಮಾಡಿ ಹಿಡಿದು ನಿಲ್ಲಬೇಕು. ಸಾಕು ಎಂದು ಜುಬೇದಾಬೀ ಹೇಳುವವರೆಗೆ. ಕೆಲವು ದಿನ ಬೇಗ ಹೇಳುತ್ತಾಳೆ. ಕೆಲವು ದಿನ ಮರೆತವಳ ಹಾಗೆ ಉಸುಕು ಸೋಸುತ್ತ ಕುಳಿತುಬಿಡುತ್ತಾಳೆ. ವಿರುಪಾಕ್ಷಿಗೆ ಇದು ಬಹಳ ಹಿಡಿಸಿದೆ. ಹಳೆಯ ಪದ್ಧತಿಯೇ ಇರಬೇಕೆಂದುಕೊಂಡಿದ್ದಾನೆ.

ಕಾತಿಬನ ಆ ಸಣ್ಣ ಕಲ್ಲನ್ನು ಅವನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾನೆ. ಕೆಳಗೆ ಚೀಟಿ: 'ಪೂರ್ತಿಯಾಗಿ ತಿಕ್ಕಿದ ಕಲ್ಲು. ಹಳೆಯ ಬರಹದ ಗುರುತು ಸ್ವಲ್ಪವೂ ಉಳಿದಿಲ್ಲ.'

ಕಿನ್ನಾಳದ ಶಾಲೆಯ ಮಕ್ಕಳು ಬಂದ ದಿನ ಒಂದು ಹುಡುಗಿ ಗಾಜಿಗೆ ಮೂಗು ಒತ್ತಿ ಚೀಟಿ ಓದಿತು. "ಅಜ್ಜಿ, ಇದರಾಗ ಮೊದಲ ಏನಿತ್ತು?"

"ನನಗ ಕಣ್ಣು ಕಾಣಂಗಿಲ್ಲವ್ವ," ಎಂದಳು ಜುಬೇದಾಬೀ. "ಕಳಕಮ್ಮಜ್ಜಿನ್ನ ಕೇಳು. ಕಡೀಕ ಅದರ ಮುಖಾ ನೋಡಿದಾಕಿ ಆಕಿ."

ಹೀಗೆ ಕೇಳಿದವರಿಗೆ ಕಳಕಮ್ಮ ಈ ಮೊದಲು ಒಮ್ಮೆ ಬೀಡಿ ಚೀಟಿ ಎಂದಿದ್ದಳು, ಒಮ್ಮೆ ಹುಲಿಗೆಮ್ಮನ ಪಟ ಎಂದಿದ್ದಳು, ಒಮ್ಮೆ ನಾಟಕದ ಹ್ಯಾಂಡಬಿಲ್. ಪ್ರತಿ ಸುಳ್ಳನ್ನೂ ಜುಬೇದಾಬೀ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡಿದ್ದಳು. ಈ ದಿನ ಮೇಲ್ಗಲ್ಲನ್ನು ಎತ್ತಿ ಹಿಡಿದು ಬಹಳ ಹೊತ್ತಾಗಿತ್ತು. ಸುಳ್ಳು ನೆನಪಿಗೆ ಬರಲಿಲ್ಲ.

"ಗಂಡ ಹೆಣ್ತಿಗೆ ಬರದಿದ್ದು ಇತ್ತು," ಎಂದುಬಿಟ್ಟಳು.

"ಏನಂತ ಬರದಿದ್ದ?"

ಜುಬೇದಾಬೀಯ ಕೈ ಉಸುಕಿನೊಳಗೆ ನಿಂತಿತು. ಕತ್ತು ಹೊರಳಿತು. ಕಿವಿ ಕಳಕಮ್ಮನ ಕಡೆಗೆ ಬಂದಿತು, ಅಂದು ಮಿಸ್ತ್ರಿ ಮಸಿ ಉರುಳಿಸುವಾಗ ಚಾಚಿದಂತೆಯೇ ಚಾಚಿಕೊಂಡು. ಇವಳ ಬಾಯಿಂದ ಏನು ಬಂದರೂ ನಂಬಲು ಮುದುಕಿ ಸಿದ್ಧಳಾಗಿದ್ದಳು. ಒಂದು ಒಳ್ಳೆಯ ಮಾತು ಸಾಕಿತ್ತು. ಗಂಡ ಹೆಂಡತಿಗೆ ಏನು ಬರೆದಾನು ಎಂದು ಕಳಕಮ್ಮ ಹುಡುಕಿದಳು. ಅವಳಿಗೆ ಯಾವ ಗಂಡಸೂ ಏನೂ ಹೇಳಿರಲಿಲ್ಲ. ಹುಡುಕಿದಲ್ಲಿ ಏನೂ ಸಿಗಲಿಲ್ಲ.

"ನೋಡಲಿಲ್ಲವ್ವ," ಎಂದಳು. "ನೋಡಲಾರದ ಇಟ್ನಿ."

ಜುಬೇದಾಬೀ ಕತ್ತು ತಿರುಗಿಸಿಕೊಂಡಳು. ಒಂದು ಹಿಡಿ ಉಸುಕು ಎತ್ತಿ ಕೆಳಗಲ್ಲಿನ ಮೇಲೆ ಹರಡಿದಳು, ನೀರು ಚಿಮುಕಿಸಿದಳು, ಮತ್ತೆ ಇನ್ನೊಂದು ಹಿಡಿಯನ್ನು ಸೋಸತೊಡಗಿದಳು. ಮಕ್ಕಳು ಕಾಯುತ್ತ ನಿಂತವು. ಕಳಕಮ್ಮ ಕಲ್ಲು ಎತ್ತಿ ಹಿಡಿದೇ ಇದ್ದಳು. ಸಾಕು ಎಂದು ಆ ದಿನ ಜುಬೇದಾಬೀ ಹೇಳಲಿಲ್ಲ.